ಪಂಕ್ತಿಯಲ್ಲಿ ಕೂತ ಮರಗಳು

ಹೋದ ತಿಂಗಳು ಕೊಳ್ಳೇಗಾಲದಲ್ಲಿ ಹನೂರಿನ ಬಸ್ಸು ನನ್ನ ಕಣ್ಣೆದುರೇ ಹೊರಟುಹೋಯಿತು. ಕಂಡಕ್ಟರ್ ನನ್ನನ್ನು ನೋಡಿದ, ನಾನು ಕೈ ಎತ್ತಿದ್ದನ್ನೂ ನೋಡಿದ, ಆದರೂ ಸೀಟಿ ಊದಿದ. ಮನಸ್ಸಿನಲ್ಲೇ ಅವನಿಗೆ ಮಂಗಳಾರತಿ ಎತ್ತಿ, ಮುಂದಿನ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇದೆ ಎಂದು ಗೊತ್ತಾದ ಮೇಲೆ ರೇಷ್ಮೆ ನೂಲು ತೆಗೆಯುವ ಮನೆಗಳ ಬೀದಿಯ ಕಡೆ ಸುಮ್ಮನೆ ನಡೆದೆ. ಅಲ್ಲೊಬ್ಬ ಹೆಂಗಸು ಗೂಡು ಬೇಯಿಸುವ ಒಲೆಯಿಂದ ಬೂದಿ ಬಾಚಿ ಹೊರಗೆ ಸುರಿದು, ಅದರ ಮೇಲೆ ಒಂದು ಬಕೆಟ್ ನೀರು ಎರಚಿದಳು. ಹಸಿ ಬೂದಿಯ ವಾಸನೆ, ಬೆಂದ ಹುಳುವಿನ ವಾಸನೆಯೊಂದಿಗೆ ಕೂಡಿ ಮೂಗಿಗೆ ಬಡಿಯಿತು. ಬಸ್ಸಿನ ಸಿಟ್ಟು ಅಲ್ಲೇ ಮರೆತುಹೋಯಿತು. ಬಂಡಳ್ಳಿಯ ಆಚೆ ಗುಡ್ಡದ ಬುಡದಲ್ಲಿ, ಕೈಯಲ್ಲಿ ಟೇಪು, ತಲೆತುಂಬ ಬೂದಿ, ಬಾಯಿತುಂಬ ಬೈಗುಳ ಇಟ್ಟುಕೊಂಡು ಓಡಾಡಿದ ಆ ಒಂದು ವರ್ಷ ಪೂರ್ತಿ ನೆನಪಾಯಿತು.

ಆಗ ನಾನು ಕಾಡಿನ ಮಣ್ಣಿನ ಮೇಲಿನ ಒಂದು ಯೋಜನೆಯಲ್ಲಿ ಸಹಾಯಕಿ. ಊರು ಯಳಂದೂರು ತಾಲ್ಲೂಕಿನ ಅಗರ. ಅಪ್ಪನಿಗೆ ಭತ್ತದ ಗದ್ದೆ, ಯೂರಿಯಾದ ಮೇಲೆ ದೇವರಷ್ಟೇ ನಂಬಿಕೆ. ಎರಚಿದ ವಾರದೊಳಗೆ ಪೈರು ಕಪ್ಪಗೆ ತಿರುಗಿದ್ದನ್ನು ನೋಡಿ ಬೆಳೆದವಳು ನಾನು. ಅದಕ್ಕೂ ಮೊದಲು ಎರಡು ಕಡೆ ಕೆಲಸಕ್ಕೆ ಸೇರಿ, ಎರಡೂ ಕಡೆ ಜಗಳವಾಡಿ ಬಿಟ್ಟುಬಂದಿದ್ದೆ. ಹಾಗಾಗಿ ನಮ್ಮ ಮುಖ್ಯಸ್ಥರು ಮೊದಲ ದಿನವೇ ಮುಲಾಜಿಲ್ಲದೆ ಹೇಳಿದ್ದರು. "ಒಂದು ವರ್ಷದ ಗುತ್ತಿಗೆ. ನಂಬುವಂಥ ಫಲಿತಾಂಶ ತಂದರೆ ಮುಂದಿನ ಮೂರು ವರ್ಷದ ಕೆಲಸವೂ ನಿನ್ನದೇ. ಇಲ್ಲದಿದ್ದರೆ ಅಗರಕ್ಕೆ ದಾರಿ ಗೊತ್ತಲ್ಲ." ಅವರು ಕೆಟ್ಟವರಲ್ಲ, ಆದರೆ ಮಾತಿಗೆ ಬೆಲ್ಲ ಸವರುವ ಅಭ್ಯಾಸ ಅವರಿಗಿರಲಿಲ್ಲ. ನನಗೂ ಇರಲಿಲ್ಲ.

ಯೋಜನೆಯ ಪ್ರಶ್ನೆ ಸರಳವಾಗಿತ್ತು. ಕೊಳ್ಳೇಗಾಲದ ಒಲೆಗಳು ವರ್ಷವಿಡೀ ಸೌದೆ ನುಂಗುತ್ತವೆ, ಬೂದಿ ಚರಂಡಿ ಸೇರುತ್ತದೆ. ಮರ ಮಣ್ಣಿನಿಂದ ಹೀರಿದ ಸುಣ್ಣ, ಪೊಟ್ಯಾಷ್, ರಂಜಕ ಬಹುಪಾಲು ಆ ಬೂದಿಯಲ್ಲೇ ಉಳಿದಿರುತ್ತವೆ. ಸಾರಜನಕವೊಂದು ಮಾತ್ರ ಹೊಗೆಯಲ್ಲಿ ಹೊರಟುಹೋಗುತ್ತದೆ. ಬೂದಿಯನ್ನು ತಂದು ಬಡವಾದ ಕಾಡಿನ ಮಣ್ಣಿಗೆ ವಾಪಸು ಕೊಟ್ಟರೆ ಮರಕ್ಕೆ ಏನಾಗುತ್ತದೆ? ಯೂರಿಯಾ ಕೊಟ್ಟರೆ ಏನಾಗುತ್ತದೆ? ಎರಡೂ ಕೊಟ್ಟರೆ? ಬಂಡಳ್ಳಿ ಕಡೆ ಹಿಂದೆ ನೀಲಗಿರಿ ಬೆಳೆದು ಕಡಿದಿದ್ದ ಒಂದು ಇಳಿಜಾರಿತ್ತು. ಮಣ್ಣು ಹುಳಿಯಾಗಿತ್ತು, ಗೊರಚಾಗಿತ್ತು. ಅಲ್ಲಿ ಕೆಲವು ವರ್ಷಗಳ ಹಿಂದೆ ನೆಟ್ಟಿದ್ದ ಕಮರ, ಹೊಂಗೆ, ನೆಲ್ಲಿ ಗಿಡಗಳು ಹಟಕ್ಕೆ ಬಿದ್ದವರಂತೆ ಬದುಕಿಕೊಂಡಿದ್ದವು.

ಮೊದಲ ವಾರ ಮುಖ್ಯಸ್ಥರು ಇಡೀ ತೋಪಿನ ಪ್ರತಿಯೊಂದು ಮರದ ಸುತ್ತಳತೆ ತೆಗೆಸಿ, ಅಲ್ಲಲ್ಲಿ ಮಣ್ಣೂ ತೆಗೆಸಿದರು. ಬೇಕಾದ್ದು ಹದಿನಾರು ತಾಕು, ತಾಕಿಗೆ ಒಂಬತ್ತು ಮರ. ಮಿಕ್ಕವನ್ನು ಅಳೆದು ಏನು ಉಪ್ಪಿನಕಾಯಿ ಹಾಕುತ್ತಾರಾ ಎಂದು ಗೊಣಗಿಕೊಂಡೇ ಅಳೆದೆ. ಆಮೇಲೆ ತಾಕಿನ ಮೂಲೆಗಳಿಗೆ ಬಣ್ಣದ ಕಲ್ಲು ನೆಟ್ಟೆವು. ಬೂದಿಯ ನಾಲ್ಕು ತಾಕಿಗೆ ಹಳದಿ, ಯೂರಿಯಾದ ನಾಲ್ಕಕ್ಕೆ ನೀಲಿ, ಎರಡೂ ಕೊಡುವ ನಾಲ್ಕಕ್ಕೆ ಕೆಂಪು, ಏನನ್ನೂ ಕೊಡದೆ ಹೋಲಿಕೆಗೆಂದು ಬಿಟ್ಟ ನಾಲ್ಕಕ್ಕೆ ಬಿಳಿ.

ಕಾವಲಿಗೆ ಬಂದವರು ಬಂಡಳ್ಳಿಯ ಪುಟ್ಟಮಾದಮ್ಮ. ಐವತ್ತು ದಾಟಿದ ಗಟ್ಟಿ ಹೆಂಗಸು. ಹೊಲದ ಕೆಲಸ ಸೊಸೆಗೆ ಬಿಟ್ಟು, ತಾಕಿಗೆ ದನ ನುಗ್ಗದಂತೆ ನೋಡಿಕೊಳ್ಳಲು ಒಪ್ಪಿದ್ದರು. ನನ್ನ ಹೆಸರು ಅವರ ಬಾಯಲ್ಲಿ ನಿಲ್ಲಲಿಲ್ಲ, ಎರಡನೇ ದಿನಕ್ಕೇ ನಾನು ಅಗರದವ್ವ ಆದೆ. ಅವರನ್ನು ಕರೆದುಕೊಂಡು ಕಲ್ಲಿಂದ ಕಲ್ಲಿಗೆ ಹೋಗಿ ಎಲ್ಲವನ್ನೂ ವಿವರಿಸಿದೆ. ಬಿಳಿ ಕಲ್ಲಿನ ಹತ್ತಿರ ಅವರು ನಿಂತರು.

"ಇವುಕ್ಕೆ ಏನವ್ವ ಆಕೋದು?"

"ಏನೂ ಇಲ್ಲ."

"ಏನುವೆ ಇಲ್ವ?"

"ಏನೂ ಹಾಕಬಾರದು. ಇವು ಹೀಗೇ ಇರಬೇಕು."

ಅವರು ಮತ್ತೆ ಮಾತಾಡಲಿಲ್ಲ. ಆ ಮೌನವನ್ನು ಒಪ್ಪಿಗೆ ಎಂದುಕೊಂಡೆನಲ್ಲ, ಅದು ಆ ವರ್ಷದ ನನ್ನ ಮೊದಲ ದಡ್ಡತನ.

ಎರಡನೆಯದಕ್ಕೆ ಹೆಚ್ಚು ದಿನ ಬೇಕಾಗಲಿಲ್ಲ. ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಟ್ರ್ಯಾಕ್ಟರಿನಲ್ಲಿ ಬೂದಿ ಬಂತು. ಜರಡಿ ಹಿಡಿದು, ತೂಗಿ, ಹರಡಬೇಕು. ಕೆಂಪು ಕಲ್ಲಿನ ತಾಕಿಗೆ ಮೊದಲು ಬೂದಿ, ಮೂರು ವಾರ ಬಿಟ್ಟು ಯೂರಿಯಾ ಎಂಬುದು ಲೆಕ್ಕ. ನಾನು ಅತ್ತ ತಿರುಗಿದ್ದಾಗ ಕೂಲಿಯವರು, ಎರಡು ಸಲ ಯಾಕೆ ಬಗ್ಗಬೇಕು ಎಂದು ಎರಡನ್ನೂ ಒಂದೇ ಬಿದಿರಿನ ಮಂಕರಿಯಲ್ಲಿ ಕಲಸಿಬಿಟ್ಟಿದ್ದರು. ಹಸಿ ನೆಲಕ್ಕೆ ಬಿದ್ದ ಸ್ವಲ್ಪ ಹೊತ್ತಿಗೇ ಕಣ್ಣು ಉರಿಯುವ ಘಾಟು. ಹಾಗೆ ಬೆರೆಸಿದರೆ ಬೂದಿಯ ಕ್ಷಾರಕ್ಕೆ ಯೂರಿಯಾದ ಸಾರವೆಲ್ಲ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಕೂಗಾಡಿ, ಅಳು ಬರುವಷ್ಟು ಸಿಟ್ಟು ಮಾಡಿಕೊಂಡು, ಆ ತಾಕನ್ನು ಕೈಬಿಟ್ಟು ಮೇಲುಗಡೆ ಇನ್ನೊಂದಕ್ಕೆ ಕಲ್ಲು ನೆಟ್ಟೆ. ನನ್ನ ಬೆರಳುಗಳು ಬೂದಿಗೆ ಒಡೆದು ವಾರಗಟ್ಟಲೆ ಅನ್ನ ಕಲಸಲೂ ಆಗಲಿಲ್ಲ. ಪುಟ್ಟಮಾದಮ್ಮ ಹರಳೆಣ್ಣೆ ತಂದು ಸವರಿ, "ನಿಮ್ಗೆ ಕ್ವಾಪ ಬಂದ್ರೆ ಬೆರಳಿಂದ್ಲೂ ಒಗೆ ಬತ್ತದೆ ಕನವ್ವ" ಎಂದು ನಕ್ಕರು.

ಆಷಾಢದ ಗಾಳಿ ಮುಗಿಯುವ ಹೊತ್ತಿಗೆ ತಾಕುಗಳ ನಡುವೆ ವ್ಯತ್ಯಾಸ ಕಾಣತೊಡಗಿತು. ನೀಲಿ ಕಲ್ಲಿನ ಮರಗಳು ಅಪ್ಪನ ಗದ್ದೆಯಂತೆ ಕಪ್ಪಗಾದವು. ಜೊತೆಗೆ ಹುಲ್ಲೂ ಮೊಣಕಾಲುದ್ದ ಬಂತು, ಹುಲ್ಲಿಗೆ ದನ ಬಂದವು, ದನಕ್ಕೆ ಪುಟ್ಟಮಾದಮ್ಮನ ಕೋಲು ಬಂತು. ಹಳದಿ ಕಲ್ಲಿನಲ್ಲಿ ಒಮ್ಮೆಗೇ ಸುರಿದ ಬೂದಿಯ ಖಾರಕ್ಕೆ ಬುಡದ ಸಣ್ಣ ಸಸಿಗಳು ಸುಟ್ಟಿದ್ದವು. ಮರಗಳು ಸುಮ್ಮನೆ ನಿಂತಿದ್ದವು. ವಿಚಿತ್ರ ಎಂದರೆ ಬಿಳಿ ಕಲ್ಲಿನವು. ಏನೂ ಕೊಡದ ಆ ತಾಕುಗಳಲ್ಲಿ ಸಸಿಗಳು ಹಸಿರಾಗಿದ್ದವು, ನೆಲ್ಲಿಯ ಚಿಗುರು ಹಳದಿಯವಕ್ಕಿಂತ ಚೆನ್ನಾಗಿತ್ತು.

ಮಣ್ಣಿನ ಪರೀಕ್ಷೆಯ ಕಾಗದವೂ ಅದನ್ನೇ ಹೇಳಿತು. ಬಿಳಿ ಕಲ್ಲಿನ ಮಣ್ಣಿನಲ್ಲಿ ಹುಳಿ ಇಳಿದಿದೆ, ಸುಣ್ಣ, ಪೊಟ್ಯಾಷ್ ಏರಿದೆ. ನಾನು ಲ್ಯಾಬಿಗೆ ಫೋನ್ ಮಾಡಿ, ಚೀಲದ ಚೀಟಿ ಅದಲುಬದಲು ಮಾಡಿದ್ದೀರಿ, ಕಣ್ಣು ಎಲ್ಲಿಟ್ಟುಕೊಂಡಿದ್ದಿರಿ ಎಂದು ಬಾಯಿಗೆ ಬಂದಂತೆ ಬೈದೆ. ಆ ಹುಡುಗಿ ಪಾಪ, "ಮತ್ತೆ ಕಳಿಸಿ ಮೇಡಮ್, ಮತ್ತೆ ಮಾಡ್ತೀನಿ" ಎಂದಳು. ಮಾರನೆಯ ದಿನ ಮತ್ತೆ ಮಣ್ಣು ತೆಗೆಯಲು ಬಿಳಿ ಕಲ್ಲಿನ ತಾಕಿನಲ್ಲಿ ಕೂತು, ಒಂದು ಕಮರದ ಬುಡದ ತರಗೆಲೆ ಸರಿಸಿದೆ. ಕೆಳಗೆ ಬೂದಿ. ಅದರೊಳಗೊಂದು ಸುಟ್ಟ ಹುಣಸೆಬೀಜ. ನಾವು ತರಿಸಿದ್ದು ನನ್ನ ಕೈಯಾರೆ ಜರಡಿ ಹಿಡಿದ ಬೂದಿ. ಹುಣಸೆಬೀಜ ಸುಡುವುದು ಮನೆಯ ಒಲೆಯಲ್ಲಿ.

ಅವತ್ತು ಸೋಮವಾರ. ಸ್ವಲ್ಪ ಹೊತ್ತಿಗೆ ಪುಟ್ಟಮಾದಮ್ಮ ಸೊಂಟದ ಮೇಲೆ ಮಂಕರಿ ಇಟ್ಟುಕೊಂಡು ಬಂದರು. ನನ್ನನ್ನು ಕಂಡು ಬೆದರಲಿಲ್ಲ, ಮುಚ್ಚಿಡಲೂ ಇಲ್ಲ.

"ಏನಿದು ಪುಟ್ಟಮಾದಮ್ಮಾರೆ?"

"ಬೂದಿ ಕನವ್ವ. ಸ್ವಾಮಾರ ಅಲ್ವ, ಇವುಕ್ಕೆ ಇಕ್ಕಾಕೆ ತಂದಿ."

"ಎಷ್ಟು ದಿನದಿಂದ?"

"ನೀವು ಅವುಕ್ಕೆ ಇಕ್ಕುದ್ರಲ್ಲ, ಅದುರ ಮುಂದ್ಲು ಸ್ವಾಮಾರದಿಂದ. ನಮ್ಮನೇದು, ಪಕ್ಕದ್ಮನೇದು ಸೇರುಸ್ಕಂಡು ತತ್ತಿನಿ. ಒಂದ್ ವಾರನೂ ತಪ್ಪುಸ್ನಿಲ್ಲ."

ತಪ್ಪಿಸಲಿಲ್ಲ ಎಂಬುದನ್ನು ಅವರು ಹೆಮ್ಮೆಯಿಂದಲೇ ಹೇಳಿದರು. ನಾನು ಅಲ್ಲೇ ಬಿಳಿ ಕಲ್ಲಿನ ಮೇಲೆ ಕೂತೆ. "ಹಾಕಬಾರದು ಅಂತ ಹೇಳಿರಲಿಲ್ವಾ?"

"ಏಳಿದ್ರಿ. ನನ್ ಮನ್ಸು ತಡೀಲಿಲ್ಲ." ಅವರು ಮಂಕರಿ ಇಳಿಸಿದರು. "ಮಾದಪ್ಪನ ಪರದ ಊಟ್ದಲ್ಲಿ ಮೂವತ್ತೊರ್ಸದಿಂದ ಬಡುಸ್ತಾ ಇವ್ನಿ ಕನವ್ವ. ಅರಕೆ ಒತ್ತೋರು ಊರೂರಿಂದ ಜನುನ್ನ ಕರ್ದು ಕೂರ್ಸಿ ಊಟ ಇಕ್ಕುಸ್ತರೆ. ಪಂಕ್ತೀಲಿ ಕೂರ್ಸ್ಬುಟ್ಟು, ಮೂರು ಜನುಕ್ಕೆ ಇಕ್ಕಿ, ನಾಕ್ನೆವ್ನ ಎಲೆ ಖಾಲಿ ಬುಟ್ಟೋಗದುಂಟಾ? ಅವ್ನು ಏನ್ ತಪ್ಪು ಮಾಡಿದ್ದ?"

ನನ್ನ ಒಂದು ವರ್ಷವನ್ನು ಬೂದಿ ಮಾಡಿದಿರಿ ಎಂದು ಕೂಗಿಬಿಟ್ಟೆ. ಅವರ ಮುಖ ಸಣ್ಣದಾಯಿತು. ಮಂಕರಿಯನ್ನು ಎತ್ತಿಕೊಂಡು ಹಾಗೇ ಇಳಿದುಹೋದರು. ನನಗೆ ಆಗಲೂ ಬುದ್ಧಿ ಬರಲಿಲ್ಲ, ಬೆನ್ನಿಗೂ ಒಂದೆರಡು ಮಾತು ಎಸೆದೆ.

ಮೂರು ದಿನ ಯಾರಿಗೂ ಹೇಳಲಿಲ್ಲ. ಹೇಳದೆ ಇದ್ದುಬಿಡೋಣ ಎಂದೂ ಅನ್ನಿಸಿತು, ಅದನ್ನು ಈಗ ಒಪ್ಪಿಕೊಳ್ಳುತ್ತೇನೆ. ಬಿಳಿ ಕಲ್ಲಿನ ಎದುರು "ಏನೂ ಕೊಟ್ಟಿಲ್ಲ" ಎಂದು ಬರೆದರೆ ಯಾರು ಬಂದು ತರಗೆಲೆ ಸರಿಸಿ ನೋಡುತ್ತಾರೆ? ಆದರೆ ಹಾಗೆ ಬರೆದರೆ, ಬೂದಿ ಕೊಟ್ಟ ಮರಕ್ಕಿಂತ ಕೊಡದ ಮರವೇ ಮೇಲು ಎಂದಾಗುತ್ತದೆ. ಕೊಳ್ಳೇಗಾಲದ ಬೂದಿ ಮತ್ತೆ ಚರಂಡಿಗೆ ಹೋಗುತ್ತದೆ, ಈ ಹುಳಿ ಮಣ್ಣು ಹುಳಿಯಾಗಿಯೇ ಇರುತ್ತದೆ, ನನ್ನ ಸಹಿ ಅದರ ಕೆಳಗೆ. ಅಗರಕ್ಕೆ ಹೋಗಿ ಅಪ್ಪನ ಗದ್ದೆಯಲ್ಲಿ ಕಳೆ ಕೀಳುತ್ತೇನೆ, ಸುಳ್ಳಿಗೆ ಮಾತ್ರ ಸಹಿ ಹಾಕುವುದಿಲ್ಲ ಎಂದು ನಾಲ್ಕನೆಯ ದಿನ ಬೆಳಿಗ್ಗೆ ಮುಖ್ಯಸ್ಥರಿಗೆ ಫೋನ್ ಮಾಡಿದೆ. ಆಮೇಲೆ ಪುಟ್ಟಮಾದಮ್ಮನ ಮನೆಗೆ ಹೋಗಿ ತಪ್ಪಾಯಿತು ಎಂದೆ. ಅವರು ಒಂದು ಲೋಟ ಮಜ್ಜಿಗೆ ಕೊಟ್ಟು, "ನಾನೂ ಕೇಳ್ಬೇಕಿತ್ತು ಬುಡಿ" ಎಂದರು.

ಮುಖ್ಯಸ್ಥರು ಜೀಪಿನಲ್ಲಿ ಬಂದಿಳಿದವರೇ, "ಮೊದಲು ಆ ಹೆಂಗಸನ್ನು ಬದಲಾಯಿಸು" ಎಂದರು.

"ಆಗಲ್ಲ ಸರ್. ಯಾವ ಮರಕ್ಕೆ ಎಷ್ಟು ಬಿದ್ದಿದೆ ಅಂತ ಗೊತ್ತಿರೋದು ಅವರೊಬ್ಬರಿಗೇ. ಅವರನ್ನು ಕಳಿಸಿದರೆ ಈ ನಾಲ್ಕು ತಾಕು ಬರೀ ಕಸ. ಅವರ ಮಾತು ನಂಬಿದರೆ ಇದೇ ಒಂದು ಹೊಸ ಪ್ರಯೋಗ. ನಾವು ಒಂದೇ ಸಲ ಸುರಿದೆವು, ಅವರು ವಾರವಾರ ಸ್ವಲ್ಪ ಸ್ವಲ್ಪ ಕೊಟ್ಟಿದ್ದಾರೆ. ಸಸಿ ಸುಟ್ಟಿಲ್ಲ, ನೋಡಿ."

"ಕೈಯಲ್ಲಿ ಎತ್ತಿ ಹಾಕಿದ್ದಕ್ಕೆ ತೂಕ ಏನಮ್ಮ?"

"ತೂಗಿ ನೋಡೋಣ."

ಮಣ್ಣಿನ ಮಾದರಿ ತೂಗುವ ತಕ್ಕಡಿಯನ್ನು ಜೀಪಿನ ಬಾನೆಟ್ ಮೇಲೆ ಇಟ್ಟು, ಪುಟ್ಟಮಾದಮ್ಮನನ್ನು ಮಂಕರಿ ಸಮೇತ ಕರೆದೆ. ಅವರು ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಮಂಕರಿಯಿಂದ ಒಂದು ಬೊಗಸೆ ಬೂದಿ ಎತ್ತಿ ಕಾಗದದ ಮೇಲೆ ಹಾಕಿದರು. ಬರೆದುಕೊಂಡೆ. ಇನ್ನೊಂದು, ಮತ್ತೊಂದು. ಹತ್ತು ಬೊಗಸೆ ಮುಗಿದಾಗ ಒಂದಕ್ಕೂ ಇನ್ನೊಂದಕ್ಕೂ ಒಂದು ಚಿಟಿಕೆಯ ಹೆಚ್ಚುಕಡಿಮೆ. ಮುಖ್ಯಸ್ಥರು ಕನ್ನಡಕ ಏರಿಸಿ, "ತಡಿ, ನಾನೂ ನೋಡ್ತೀನಿ" ಎಂದು ತಾವೇ ಐದು ಬೊಗಸೆ ಹಾಕಿದರು. ಅವರ ಐದೂ ಐದು ದಿಕ್ಕಿಗೆ. ನನ್ನದು ಅದಕ್ಕಿಂತ ಕಡೆ. ಪುಟ್ಟಮಾದಮ್ಮ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ನಕ್ಕರು. "ನೀವ್ ಬಡ್ಸಕ್ಕೆ ನಿಂತ್ರೆ ಕೊನೆ ಪಂಕ್ತಿಗೆ ಅನ್ನನೆ ಇರಾಕಿಲ್ಲ ಸಾ."

ಮುಖ್ಯಸ್ಥರಿಗೂ ನಗು ಬಂತು, ತಡೆದುಕೊಂಡರು. "ಆಯ್ತು, ನಂಬಿದೆ. ಆದರೆ ಏನೂ ಕೊಡದ ತಾಕು ಈಗ ಒಂದೂ ಇಲ್ಲವಲ್ಲ. ಹೋಲಿಸೋದು ಯಾವುದಕ್ಕೆ?" ಎಂದು ಸುತ್ತ ನೋಡಿ, "ಪಕ್ಕದಲ್ಲೇ ಇಷ್ಟು ಮರ ಇದಾವೆ. ಅವಕ್ಕೆ ಯಾಕೆ ಹಾಕಲಿಲ್ಲ ನೀವು?" ಎಂದು ಅವರನ್ನು ಕೇಳಿದರು.

"ಅವು ಕಾಡಿನವು ಸಾ. ಅವುನ್ನ ಯಾರು ಕರುದ್ರು? ಕಲ್ಲು ನೆಟ್ಟು ಕೂರ್ಸುದ್ಮೇಲಲ್ವ ಇಕ್ಬೇಕಾದ್ದು?"

ನಾನೂ ಮುಖ್ಯಸ್ಥರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ತೋಪಿನ ಒಂದೊಂದು ಮರದ ಅಳತೆಯೂ ಮೊದಲ ವಾರದ್ದು ನನ್ನ ಪುಸ್ತಕದಲ್ಲಿತ್ತು. ಯಾವ ಅಳತೆಗೆ ಅವರನ್ನು ಶಪಿಸಿದ್ದೆನೋ ಅದೇ ನನ್ನನ್ನು ಉಳಿಸಿತು. ಕೈ ತಾಗದ ಮರಗಳಲ್ಲೇ ಒಂಬತ್ತೊಂಬತ್ತರ ನಾಲ್ಕು ತಾಕು ಆರಿಸಿದೆವು. ಬಿಳಿ ಕಲ್ಲಿನವು ಇನ್ನು ಮುಂದೆ ಸೋಮವಾರದ ಬೂದಿಯ ತಾಕು, ಪುಟ್ಟಮಾದಮ್ಮ ಅವಕ್ಕೆ ವಾರವಾರ ಹಾಕಬಹುದು. ಹೊಸ ನಾಲ್ಕಕ್ಕೆ ಯುಗಾದಿಯ ಹೊತ್ತಿನ ಕೊನೆಯ ಅಳತೆಯವರೆಗೆ ಏನೂ ಇಲ್ಲ.

"ಅವುಕ್ಕೆ ಕಲ್ಲು ನೆಡ್ಬ್ಯಾಡಿ ಸಾ" ಎಂದರು ಪುಟ್ಟಮಾದಮ್ಮ. ಮೊದಲ ಸಲ ಅವರ ದನಿ ಕೇಳಿಕೊಳ್ಳುವಂತಿತ್ತು.

"ಗುರುತಿಲ್ಲದೆ ಯಾರೂ ಒಪ್ಪಲ್ಲಮ್ಮ. ಕಲ್ಲು ಬೇಕು. ಆ ಮರಗಳಿಗೆ ಒಂದು ಹಿಡಿ ಬೂದಿ ಬಿದ್ದರೂ ನಿಮ್ಮಿಬ್ಬರಿಗೂ ಕೆಲಸ ಇಲ್ಲ" ಎಂದರು ಮುಖ್ಯಸ್ಥರು.

ಪುಟ್ಟಮಾದಮ್ಮ ಮಂಕರಿಯನ್ನು ಸೊಂಟಕ್ಕೆ ಏರಿಸಿಕೊಂಡರು. "ಆಯ್ತು ಬುಡಿ. ನಾ ಇಕ್ಕಾಕಿಲ್ಲ."

ಹಿಂಗಾರು ಆ ವರ್ಷ ಚೆನ್ನಾಗಿ ಹಿಡಿಯಿತು. ಎರಡನೆಯ ಸುತ್ತಿನ ಬೂದಿ, ಯೂರಿಯಾ ಕೊಟ್ಟೆವು. ಈ ಸಲ ಮಂಕರಿಗಳ ಪಕ್ಕದಲ್ಲೇ ಪೊಲೀಸಿನಂತೆ ನಿಂತಿದ್ದೆ. ಸೋಮವಾರ ಬಂತೆಂದರೆ ಪುಟ್ಟಮಾದಮ್ಮ ಬಿಳಿ ಕಲ್ಲಿನವಕ್ಕೆ ಬಡಿಸಿ, ಹೊಸ ಕಲ್ಲುಗಳ ಪಕ್ಕ ಹಾಯುವಾಗ ಮಂಕರಿಯನ್ನು ಸೊಂಟದ ಇನ್ನೊಂದು ಬದಿಗೆ ಬದಲಾಯಿಸಿಕೊಳ್ಳುತ್ತಿದ್ದರು. ನಾನು ಅವರನ್ನು ಪೂರ್ತಿ ನಂಬಿದ್ದೆ ಎಂದರೆ ಸುಳ್ಳಾಗುತ್ತದೆ. ಅವರು ಮನೆಗೆ ಹೋದ ಮೇಲೆ ಹೊಸ ತಾಕುಗಳ ತರಗೆಲೆ ಸರಿಸಿ, ಭೂತಗನ್ನಡಿ ಹಿಡಿದು ಹುಡುಕುತ್ತಿದ್ದೆ. ಏನೂ ಇರುತ್ತಿರಲಿಲ್ಲ. ಆದರೂ ಮುಂದಿನ ವಾರ ಮತ್ತೆ ಹುಡುಕುತ್ತಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಮಾಘದ ಒಂದು ಸೋಮವಾರ ಮಧ್ಯಾಹ್ನ ಹೊಂಗೆಯ ನೆರಳಲ್ಲಿ ಡಬ್ಬಿ ಬಿಚ್ಚಿ, ಬನ್ನಿ ಊಟ ಮಾಡೋಣ ಎಂದು ಕರೆದೆ. ಅವರು ಹೊಸ ತಾಕಿನ ಅಂಚಿನಲ್ಲಿ ಕೂತವರು ಏಳಲಿಲ್ಲ.

"ಒಪ್ಪತ್ತಾ ಇವತ್ತು?"

"ಒಪ್ಪತ್ತಲ್ಲ ಕನವ್ವ. ಇವು ಉಣ್ಣೋಗಂಟ ಸ್ವಾಮಾರ ನಂಗೂ ಊಟ ಬ್ಯಾಡ."

ಕಲ್ಲು ನೆಟ್ಟ ದಿನದಿಂದ ಹೀಗೇ ನಡೆದಿತ್ತು. ಸೊಸೆಗೆ ಹೊಲದಲ್ಲಿ ಉಣ್ಣುತ್ತೇನೆ ಎಂದಿದ್ದರಂತೆ, ನನಗೆ ಮನೆಯಲ್ಲಿ ಉಂಡು ಬಂದೆ ಎಂದಿದ್ದರು. ಬಿಸಿಲಲ್ಲಿ ಬಿದ್ದುಗಿದ್ದರೆ ಯಾರು ಹೊಣೆ, ಮರಕ್ಕೆ ಇದೆಲ್ಲ ಗೊತ್ತಾಗುತ್ತದಾ ಎಂದು ರೇಗಿದೆ.

"ಮರುಕ್ಕೆ ಗೊತ್ತಾಗ್ದೆ ಓದ್ರೆ ಓಯ್ತದೆ, ನಂಗೊತ್ತಲ್ಲ. ಬಡ್ಸೋಳು ಉಂಡ್ಬುಟ್ಟು, ಕೂತೋರು ಅಸ್ಕಂಡಿದ್ರೆ ಚಂದಾಗಿರ್ತದಾ? ನೀವ್ ಉಣ್ಣಿ, ನಿಮ್ದು ಬರೆಯೋ ಕೆಲ್ಸ."

ಅವತ್ತು ನನ್ನ ಡಬ್ಬಿ ನಾನು ಖಾಲಿ ಮಾಡಿದೆ, ಹಸಿವಾಗಿತ್ತು. ಮುಂದಿನ ಸೋಮವಾರ ಡಬ್ಬಿ ತರಲಿಲ್ಲ. ತರಗೆಲೆ ಸರಿಸಿ ಹುಡುಕುವುದನ್ನು ಅವತ್ತೇ ಬಿಟ್ಟೆ.

ವರದಿ ಆಮೇಲೆ ಹೋಯಿತು. ಹೊಸ ತಾಕುಗಳ ಮಣ್ಣು ಮೊದಲ ದಿನ ಎಷ್ಟು ಹುಳಿಯಿತ್ತೋ ಅಷ್ಟೇ ಹುಳಿ ಎಂದು ಲ್ಯಾಬಿನ ಕಾಗದ ಹೇಳಿತು. ಯೂರಿಯಾ ಎಲೆಯನ್ನು ಬೇಗ ಹಸಿರು ಮಾಡಿತ್ತು, ಸುತ್ತಳತೆಯನ್ನೂ ತುಸು ಹೆಚ್ಚಿಸಿತ್ತು, ಮಣ್ಣನ್ನು ಮಾತ್ರ ಇನ್ನಷ್ಟು ಹುಳಿಯ ಕಡೆ ನೂಕಿತ್ತು. ಬೂದಿಯೊಂದೇ ಮಣ್ಣನ್ನು ತಿದ್ದಿತ್ತು, ಮರವನ್ನು ಒಂದು ವರ್ಷದಲ್ಲಿ ದಪ್ಪ ಮಾಡಿರಲಿಲ್ಲ. ಅಂತರ ಬಿಟ್ಟು ಎರಡೂ ಕೊಟ್ಟವು ಎಲ್ಲಕ್ಕಿಂತ ಚೆನ್ನಾಗಿದ್ದವು. ಬೂದಿಯನ್ನು ಒಮ್ಮೆಗೇ ಸುರಿಯದೆ ಸ್ವಲ್ಪ ಸ್ವಲ್ಪವಾಗಿ ಕೊಟ್ಟರೆ ಸಸಿ ಸುಡುವುದಿಲ್ಲ ಎಂಬುದನ್ನು ಪುಟ್ಟಮಾದಮ್ಮನ ಬೊಗಸೆಯ ತೂಕದ ಸಮೇತ ಬರೆದೆ, ಅದು ಹೇಗೆ ಆಯಿತು ಎಂಬುದನ್ನೂ ಮುಚ್ಚಿಡದೆ ಬರೆದೆ. ಮರದ ಲೆಕ್ಕದಲ್ಲಿ ಒಂದು ವರ್ಷ ಏನೇನೂ ಅಲ್ಲ, ಇನ್ನೂ ನೋಡಬೇಕು ಎಂದೂ ಸೇರಿಸಿದೆ. ಮುಖ್ಯಸ್ಥರು ಎರಡು ಸಲ ಓದಿ, "ಮುಂದಿನ ಮೂರು ವರ್ಷ ಯಳಂದೂರು ಕಡೆ. ಅಲ್ಲಿ ಕಾವಲಿಗೆ ಯಾರನ್ನು ಇಡ್ತೀಯೋ, ಮೊದಲೇ ಕೂತು ಮಾತಾಡು" ಎಂದು ಸಹಿ ಹಾಕಿದರು.

ಆದರೆ ನನಗೆ ನೆನಪಿರುವುದು ಆ ಸಹಿಯಲ್ಲ. ಯುಗಾದಿಗೆ ಮುಂಚಿನ ಸೋಮವಾರ, ಕೊನೆಯ ಅಳತೆ. ಬಿಸಿಲು ಏರುವ ಮೊದಲೇ ಶುರು ಮಾಡಿ, ಹೊಸ ತಾಕಿನ ಕಟ್ಟಕಡೆಯ ನೆಲ್ಲಿಯ ಸುತ್ತ ಟೇಪು ಹಿಡಿದಾಗ ಮಧ್ಯಾಹ್ನ ದಾಟಿತ್ತು. ಅಳತೆ ಬರೆದೆ, ಬುಡದ ಮಣ್ಣು ತೆಗೆದು ಚೀಲಕ್ಕೆ ಹಾಕಿ, ಚೀಟಿ ಕಟ್ಟಿದೆ. ಪುಟ್ಟಮಾದಮ್ಮ ನನ್ನ ಬೆನ್ನ ಹಿಂದೆಯೇ ನಿಂತಿದ್ದರು.

"ಮುಗೀತಾ ಅಗರದವ್ವ?"

"ಮುಗೀತು."

"ಪೂರ್ತಿ?"

"ಪೂರ್ತಿ. ಇನ್ನು ಯಾವುದನ್ನೂ ಅಳೆಯೋದಿಲ್ಲ."

ಅವರು ಹೊಂಗೆಯ ಹಿಂದೆ ಹೋದರು. ಬರುವಾಗ ಸೊಂಟದ ಮೇಲೆ ಮಂಕರಿ, ತುಂಬ ಬೂದಿ. ಬೆಳಿಗ್ಗೆಯೇ ತಂದು ಸೊಪ್ಪು ಮುಚ್ಚಿ ಇಟ್ಟಿದ್ದರು. ಮೊದಲ ಕಲ್ಲಿನ ಹತ್ತಿರ ನಿಂತು ಸೆರಗು ಸಿಕ್ಕಿಸಿಕೊಂಡರು. ನಾನು ಟೇಪು ಜೇಬಿಗೆ ಹಾಕಿ, ಮಂಕರಿಯ ಇನ್ನೊಂದು ಅಂಚು ಹಿಡಿದುಕೊಂಡೆ. ಒಂದು ಮರಕ್ಕೆ ಒಂದು ಬೊಗಸೆ, ಆತುರವಿಲ್ಲದೆ, ಒಂದನ್ನೂ ಬಿಡದೆ. ಕೊನೆಯ ನೆಲ್ಲಿಗೆ ಬಂದಾಗ ಅವರು ಪಕ್ಕಕ್ಕೆ ಸರಿದು, "ಇದುಕ್ಕೆ ನೀವಿಕ್ಕಿ" ಎಂದರು. ನನ್ನ ಬೊಗಸೆ ಯಾವಾಗಿನಂತೆ ಹೆಚ್ಚಾಯಿತು. ಅವರು ಅದನ್ನು ನೋಡಿ, "ಇರ್ಲಿ ಬುಡಿ, ಬಾಳ ಒತ್ತಿಂದ ಕಾದದೆ" ಎಂದರು.

ಆಮೇಲೆ ಕೈ ತೊಳೆದುಕೊಂಡು, ಅವರ ಬುತ್ತಿಯಲ್ಲಿದ್ದ ರಾಗಿಮುದ್ದೆಯನ್ನು ಎರಡು ಮಾಡಿ, ಆ ಮರಗಳ ಸಾಲಿನಲ್ಲೇ ಕೂತು ಇಬ್ಬರೂ ಉಂಡೆವು.